ಶಾಲೆಯಲ್ಲಿ ತಂತ್ರಜ್ಞಾನ: ಖರೀದಿಗಿಂತ ಮೊದಲು ನೆರವಿನ ವ್ಯವಸ್ಥೆ

ಶಾಲೆಯ ತಂತ್ರಜ್ಞಾನ ಸಂಯೋಜಕನ ಹೊಣೆ ನನ್ನ ಪಾಲಿಗೆ ಬಂದಾಗ, ಯಾವ ಉಪಕರಣ ಕೊಳ್ಳಬೇಕೆಂಬ ಪ್ರಶ್ನೆಯನ್ನು ಬೇಕೆಂದೇ ಮುಂದಕ್ಕೆ ಹಾಕಿದೆ. ಮೊದಲು ಪ್ರತಿ ವಿಷಯದ ಶಿಕ್ಷಕರ ಜೊತೆ ಕುಳಿತು, ಅವರ ವಾರ್ಷಿಕ ಪಾಠಯೋಜನೆಯನ್ನು ಎದುರಿಗಿಟ್ಟುಕೊಂಡು, ಕಪ್ಪುಹಲಗೆಯ ಮೇಲೆ ಎಷ್ಟು ವಿವರಿಸಿದರೂ ಮಕ್ಕಳ ತಲೆಗೆ ಹತ್ತದ ಪಾಠ ಯಾವುದು ಎಂದು ಕೇಳಿದೆ. ಗಣಿತ ಶಿಕ್ಷಕರು ವರ್ಗ ಬಹುಪದೋಕ್ತಿಯ ನಕ್ಷೆ ಎಂದರು; ವಿಜ್ಞಾನ ಶಿಕ್ಷಕರು ವಿದ್ಯುತ್ ಮಂಡಲ ಎಂದರು; ಭಾಷಾ ಶಿಕ್ಷಕರಿಗೆ ಬೇಕಿದ್ದದ್ದು ಮಕ್ಕಳ ಓದನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸುವ ಅನುಕೂಲವಷ್ಟೆ. ಇತಿಹಾಸ ಶಿಕ್ಷಕರು ಸದ್ಯಕ್ಕೆ ಏನೂ ಬೇಡವೆಂದರು. ಅದನ್ನೂ ಯೋಜನೆಯಲ್ಲಿ ಹಾಗೆಯೇ ದಾಖಲಿಸಿದೆ, ಏಕೆಂದರೆ ಬೇಡವೆನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಶಿಕ್ಷಕರು ತಪಾಸಣೆಯ ದಿನಕ್ಕೆ ಮಾತ್ರ ಪರದೆ ಇಳಿಸುತ್ತಾರೆ.

ಈ ಮಾತುಕತೆಯಿಂದ ಖರೀದಿಯ ಸ್ವರೂಪವೇ ಬದಲಾಯಿತು. ಗಣಿತದ ತರಗತಿಗೆ 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ ಜಿಯೋಜೀಬ್ರಾ ತಂತ್ರಾಂಶವನ್ನು ಆರಿಸಿಕೊಂಡೆವು. ಶಿಕ್ಷಕರು ವರ್ಗ ಪದದ, ಅಂದರೆ x² ಇರುವ ಪದದ, ಸಹಗುಣಕವನ್ನು ಸ್ಲೈಡರಿನಿಂದ ನಿಧಾನವಾಗಿ ಇಳಿಸುತ್ತ ಹೋದಂತೆ ಪರದೆಯ ಮೇಲಿನ ಪರವಲಯ ಅಗಲವಾಗುತ್ತ ಬಂದು, ಸೊನ್ನೆಯಲ್ಲಿ ಸರಳರೇಖೆಯಾಗಿ, ಋಣ ಸಂಖ್ಯೆಗೆ ದಾಟಿದೊಡನೆ ಕೆಳಮುಖವಾಯಿತು. ‘ಸೊನ್ನೆ ಇದ್ದಾಗ ಅದು ವರ್ಗ ಬಹುಪದೋಕ್ತಿಯೇ ಅಲ್ಲವಲ್ಲ ಸರ್?’ ಎಂದು ಒಬ್ಬ ಹುಡುಗಿ ಕೇಳಿದಳು. ಆ ಸಹಗುಣಕ ಸೊನ್ನೆಯಾಗಿರಬಾರದೆಂಬ ವ್ಯಾಖ್ಯೆಯ ನಿಬಂಧನೆಯನ್ನು ಅಲ್ಲಿಯವರೆಗೆ ಅವರೆಲ್ಲ ಬಾಯಿಪಾಠ ಮಾಡಿದ್ದರು. ಇಷ್ಟಕ್ಕೆ ಬೇಕಾದದ್ದು ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್. ಆದರೆ ವಿದ್ಯುತ್ ಮಂಡಲದ ವಿಷಯ ಹಾಗಲ್ಲ: 2002ರಲ್ಲಿ ಕಾರ್ಲ್ ವೀಮನ್ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಹುಟ್ಟುಹಾಕಿದ ಫೆಟ್ ಎಂಬ, ಪರದೆಯ ಮೇಲೆ ವಿಜ್ಞಾನ ಪ್ರಯೋಗ ಮಾಡಿಸುವ ಯೋಜನೆಯ ಮಂಡಲ ಜೋಡಣೆಯಲ್ಲಿ ತಂತಿ ಎಳೆಯುವ, ಬಲ್ಬು ಸೇರಿಸುವ ಕೆಲಸವನ್ನು ಮಗುವೇ ಮಾಡಬೇಕು, ಅದಕ್ಕೆ ಇಬ್ಬರಿಗೊಂದು ಯಂತ್ರವಾದರೂ ಬೇಕು. ಎಷ್ಟು ಯಂತ್ರ ಎಂಬುದನ್ನು ಪಾಠವೇ ಹೇಳುತ್ತದೆ.

ಜಾಲದ ಲೆಕ್ಕವನ್ನು ಮಾತ್ರ ಕಾಗದದ ಮೇಲೆ ಮಾಡಲೇಬೇಕು. ಸಾಧಾರಣ ಸ್ಪಷ್ಟತೆಯ ಒಂದು ವಿಡಿಯೊಗೆ 3 ಎಂಬಿಪಿಎಸ್ (ಸೆಕೆಂಡಿಗೆ 3 ಮೆಗಾಬಿಟ್) ಎಂದು ಹಿಡಿದರೂ, 40 ಮಕ್ಕಳು ಏಕಕಾಲಕ್ಕೆ ತೆರೆದರೆ 120 ಎಂಬಿಪಿಎಸ್ ಬೇಕು, ಮತ್ತು ಅದು ಒಂದು ತರಗತಿಯ ಲೆಕ್ಕವಷ್ಟೆ. ಆದ್ದರಿಂದ ಸಂಪರ್ಕದ ವೇಗ ಹೆಚ್ಚಿಸುವುದಕ್ಕಿಂತ, ಪಾಠಕ್ಕೆ ಬೇಕಾದುದನ್ನು ಮುಂಚೆಯೇ ಶಾಲೆಯೊಳಗೆ ತಂದಿಡುವ ದಾರಿ ಹಿಡಿದೆವು. ಫೆಟ್‌ನ ಪ್ರಯೋಗಗಳನ್ನು ಇಳಿಸಿಕೊಂಡು ಅಂತರ್ಜಾಲವಿಲ್ಲದೆ ನಡೆಸಬಹುದು. ವಿಡಿಯೊ ಮತ್ತು ಅಭ್ಯಾಸಗಳಿಗೆ ಕೊಲಿಬ್ರಿ ಎಂಬ ಮುಕ್ತ ತಂತ್ರಾಂಶವನ್ನು ಹಳೆಯದೊಂದು ಕಂಪ್ಯೂಟರಿನಲ್ಲಿ ಸ್ಥಾಪಿಸಿದರೆ ಅದೇ ಶಾಲೆಯ ಗ್ರಂಥಾಲಯದಂತೆ ಕೆಲಸ ಮಾಡುತ್ತದೆ. ವೈಫೈ ಪೆಟ್ಟಿಗೆಗಳನ್ನು ಕೂರಿಸುವಾಗ ಅಕ್ಕಪಕ್ಕದ ಕೊಠಡಿಗಳಿಗೆ ಬೇರೆ ಬೇರೆ ಚಾನೆಲ್, ಅಂದರೆ ರೇಡಿಯೊ ತರಂಗದ ಬೇರೆ ಬೇರೆ ಹಾದಿ, ಕೊಟ್ಟೆವು. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಒಟ್ಟಿಗೆ ಬಳಸುವುದು 1, 6 ಮತ್ತು 11ನೆಯ ಚಾನೆಲ್‌ಗಳನ್ನು. ಇದನ್ನು ಗಮನಿಸದೆ ಪೆಟ್ಟಿಗೆಗಳ ಸಂಖ್ಯೆ ಹೆಚ್ಚಿಸಿದಷ್ಟೂ ಜಾಲ ನಿಧಾನವಾಗುತ್ತದೆ.

ಇಷ್ಟೆಲ್ಲದರ ಮೇಲೂ ನಾನು ಅತಿ ಹೆಚ್ಚು ಗಮನ ಕೊಟ್ಟದ್ದು ಶಿಕ್ಷಕರ ಕೊಠಡಿಯಲ್ಲಿಟ್ಟ ಒಂದು ದೂರು ಪುಸ್ತಕಕ್ಕೆ. ಯಾವ ಕೊಠಡಿ, ಯಾವ ಅವಧಿ, ಏನು ಕೆಟ್ಟಿತು, ಯಾವಾಗ ಸರಿಯಾಯಿತು, ಇಷ್ಟೇ ಅದರ ಅಂಕಣಗಳು. ನಲವತ್ತು ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಪರದೆ ಖಾಲಿ ಉಳಿದರೆ, ಅದೂ ಎರಡು ಸಲ ಹಾಗಾದರೆ, ಮೂರನೆಯ ಸಲ ಶಿಕ್ಷಕರು ಆ ಯಂತ್ರದ ಬಳಿ ಸುಳಿಯುವುದಿಲ್ಲ, ಮತ್ತು ಅದರಲ್ಲಿ ಅವರ ತಪ್ಪಿಲ್ಲ. ಒಂದು ಅವಧಿಯ ಪಾಠ ಕೈತಪ್ಪುವುದು ಅವರಿಗೆ ನಿಜವಾದ ನಷ್ಟ. ಪುಸ್ತಕ ತುಂಬುತ್ತ ಹೋದಂತೆ ಕಂಡದ್ದೇನೆಂದರೆ, ಕಂಪ್ಯೂಟರ್ ಕೆಡುವುದು ಅಪರೂಪ; ಸಡಿಲವಾದ ಎಚ್‌ಡಿಎಂಐ ಕೇಬಲ್, ಬೇರೊಂದು ಸಾಧನಕ್ಕೆ ತಿರುಗಿಕೊಂಡ ಧ್ವನಿ, ಮರೆತುಹೋದ ಪಾಸ್‌ವರ್ಡ್, ಪಾಠದ ನಡುವೆ ತಾನಾಗಿ ಶುರುವಾದ ಅಪ್‌ಡೇಟ್, ಇವೇ ಮತ್ತೆ ಮತ್ತೆ ಬರುತ್ತಿದ್ದವು. ಹಾಗಾಗಿ ಪ್ರತಿ ಮಹಡಿಯಲ್ಲೂ ಹೆಚ್ಚುವರಿ ಕೇಬಲ್ ಮತ್ತು ಅಡಾಪ್ಟರ್ ಇರುವ ಪೆಟ್ಟಿಗೆಯೊಂದನ್ನು ಇಟ್ಟು, ಅಪ್‌ಡೇಟುಗಳನ್ನು ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ನಿಗದಿಮಾಡಿ, ಪ್ರತಿ ಪ್ರೊಜೆಕ್ಟರಿನ ಪಕ್ಕದಲ್ಲಿ ಚಿತ್ರಸಹಿತ ಸೂಚನಾಪತ್ರ ಅಂಟಿಸಿದೆವು. ಮೇಲಿನ ತರಗತಿಯ ಆಸಕ್ತ ಮಕ್ಕಳಿಗೆ ಮೊದಲ ಹಂತದ ತಪಾಸಣೆ ಕಲಿಸಿದೆವು. ಆದರೆ ಯಾವ ಪಾಸ್‌ವರ್ಡನ್ನೂ, ಇತರ ಮಕ್ಕಳ ಮಾಹಿತಿಯಿರುವ ಯಾವ ಯಂತ್ರವನ್ನೂ ಅವರ ಕೈಗೆ ಕೊಡಲಿಲ್ಲ.

ತರಬೇತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ದಿನವಿಡೀ ಹೇಳುವುದಕ್ಕಿಂತ, ಮುಂದಿನ ವಾರ ತಾವು ಮಾಡಲಿರುವ ಪಾಠವನ್ನೇ ಹಿಡಿದು ಒಬ್ಬ ಶಿಕ್ಷಕರೊಂದಿಗೆ ಒಂದು ಅವಧಿ ಕುಳಿತರೆ, ಆಮೇಲೆ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕೇಳಿದಾಗ ಮಾತ್ರ ಎದ್ದು ಬರುವಂತೆ ಇದ್ದರೆ, ಕಲಿತದ್ದು ನಿಲ್ಲುತ್ತದೆ. ಇದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಬೇಕು; ಸಂಯೋಜಕನಿಗೂ ಪೂರ್ಣ ಪ್ರಮಾಣದ ಪಾಠದ ಹೊರೆ ಹೊರಿಸಿದರೆ ಇದು ಸಾಧ್ಯವಿಲ್ಲವೆಂದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ, ವಾರದ ಕೆಲವು ಅವಧಿಗಳನ್ನು ಬಿಡಿಸಿಕೊಂಡೆ.

ಯಂತ್ರಗಳ ಆಯುಷ್ಯವೂ ಯೋಜನೆಯ ಭಾಗವೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ಹೊಸ ಆವೃತ್ತಿಯನ್ನು ಹೊರಲಾರದ ಕಂಪ್ಯೂಟರುಗಳಿಗೆ ನಾವು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕಿದೆವು. ಬ್ರೌಸರ್, ಲಿಬ್ರೆ ಆಫೀಸ್ ಮತ್ತು ಜಿಯೋಜೀಬ್ರಾ ನಡೆದರೆ ನಮ್ಮ ಪಾಠಗಳಿಗೆ ಅವು ಸಾಕು.

ಕೊನೆಯದಾಗಿ ಸಿದ್ಧಪಡಿಸಿದ್ದು ಹಸ್ತಾಂತರದ ಕಡತ. ಜಾಲದ ನಕ್ಷೆ, ಯಂತ್ರಗಳ ಪಟ್ಟಿ, ಖಾತರಿ ಅವಧಿ ಮುಗಿಯುವ ದಿನಾಂಕಗಳು, ಮಕ್ಕಳ ಯಾವ ಮಾಹಿತಿ ಎಲ್ಲಿದೆ ಮತ್ತು ಅದನ್ನು ಯಾವಾಗ ಅಳಿಸಬೇಕು ಎಂಬ ವಿವರ ಅದರಲ್ಲಿವೆ. ನಿರ್ವಾಹಕ ಪಾಸ್‌ವರ್ಡುಗಳು ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿವೆ. ಈಗ ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರು ಆ ಕಡತವನ್ನು ಹಿಡಿದು, ನನ್ನನ್ನು ಕೇಳದೆಯೇ, ಕೊಲಿಬ್ರಿ ನಡೆಸುವ ಸರ್ವರನ್ನು ಮೊದಲಿನಿಂದ ಕಟ್ಟುವ ಅಭ್ಯಾಸ ಮಾಡುತ್ತಿದ್ದಾರೆ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಆ ಪುಟವನ್ನು ನಾನು ತಿದ್ದಿ ಬರೆಯುತ್ತಿದ್ದೇನೆ.