ಪ್ರಯಾಣಿಕರ ದೋಣಿಗೆ ಹೊಣೆ ವಿಮೆ ಮಾಡಿಸುವುದು ಹೇಗೆ?

ನದಿ, ಹಿನ್ನೀರುಗಳಲ್ಲಿ ಎಂಜಿನ್ ದೋಣಿ ಓಡಿಸಲು ವಿಮೆ ಇರಲೇಬೇಕು. 2022ರ ಜೂನ್‌ನಲ್ಲಿ ಜಾರಿಗೆ ಬಂದ 2021ರ ಇನ್‌ಲ್ಯಾಂಡ್ ವೆಸಲ್ಸ್ ಕಾಯ್ದೆ ಹಾಗೆ ಹೇಳುತ್ತದೆ. ಪಾಲಿಸಿ ಇದ್ದರಷ್ಟೇ ಸಾಲದು. ಅದರಲ್ಲಿ ಬರೆದ ದೋಣಿಗೂ ನೀರಿನ ಮೇಲೆ ಓಡುವ ದೋಣಿಗೂ ತಾಳೆಯಾಗದಿದ್ದರೆ ಪರಿಹಾರಕ್ಕೆ ಕಲ್ಲು ಬೀಳುತ್ತದೆ.

ಮೊದಲು ಕಾಗದಪತ್ರ

ನೋಂದಣಿ ಪತ್ರ, ಸರ್ವೆ (ದೋಣಿಯ ತಪಾಸಣೆ) ಪ್ರಮಾಣಪತ್ರ, ಚಾಲಕನ ಅರ್ಹತಾ ಪತ್ರ, ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಎಂಜಿನ್ ನಂಬರ್, ಪ್ರಯಾಣಿಕರ ಸಂಖ್ಯೆ, ಅವಧಿ ನೋಡಿ. ಎಂಜಿನ್ ಬದಲಿಸಿದ್ದರೆ ಅಥವಾ ಮೇಲೊಂದು ಡೆಕ್ ಕಟ್ಟಿಸಿದ್ದರೆ ಮೊದಲು ಮರುಸರ್ವೆ ಮಾಡಿಸಿ. ಮೇಲೆ ಜನ ಹತ್ತಿದಂತೆ ಭಾರದ ಕೇಂದ್ರ ಮೇಲೇರುತ್ತದೆ. ಎಲ್ಲರೂ ಫೋಟೊಗೆಂದು ಒಂದೇ ಬದಿಗೆ ಸರಿದರೆ ದೋಣಿ ಮಗುಚಬಹುದು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನರ ಜೀವ ತೆಗೆದದ್ದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿದ ಎರಡಂತಸ್ತಿನ ದೋಣಿಯೇ. ಇಂಥ ಬದಲಾವಣೆಯನ್ನು ವಿಮಾ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಯಾವ ವಿಮೆ, ಎಷ್ಟು ಮೊತ್ತ?

ಹಲ್ (ದೋಣಿಯ ಒಡಲು) ವಿಮೆ ದೋಣಿಗೆ ಆಗುವ ನಷ್ಟಕ್ಕೆ ಮಾತ್ರ. ಪ್ರಯಾಣಿಕರ ಸಾವು, ಗಾಯಕ್ಕೆ ಮಾಲೀಕರು ಕೊಡಬೇಕಾಗುವ ಪರಿಹಾರಕ್ಕೆ ಹೊಣೆ ವಿಮೆ ಬೇರೆ ಬೇಕು. ಸಿಬ್ಬಂದಿಗೆ ನೌಕರರ ಪರಿಹಾರ ಪಾಲಿಸಿ ಮತ್ತೂ ಬೇರೆ. ರೆಸಾರ್ಟ್‌ನವರು ತಮ್ಮ ಪಬ್ಲಿಕ್ ಲಯಬಿಲಿಟಿ (ಹೊರಗಿನವರಿಗಾಗುವ ಹಾನಿಯ ಹೊಣೆ) ಪಾಲಿಸಿಯೇ ಸಾಕೆಂದುಕೊಳ್ಳುತ್ತಾರೆ. ಅಂಥ ಪಾಲಿಸಿಗಳು ಸಾಮಾನ್ಯವಾಗಿ ಜಲವಾಹನಗಳನ್ನು ಹೊರಗಿಟ್ಟಿರುತ್ತವೆ, ವಿನಾಯಿತಿಗಳ ಪುಟ ಓದಿ.

ದೋಣಿಗೆ 20 ಜನರ ಅನುಮತಿ ಇದ್ದು, ತಲೆಗೆ 10 ಲಕ್ಷ ರೂಪಾಯಿ ಎಂದು ಹಿಡಿದರೆ ಒಂದು ಅಪಘಾತಕ್ಕೆ 2 ಕೋಟಿ ಬೇಕು. ಪಾಲಿಸಿಯಲ್ಲಿ ಒಂದು ಅಪಘಾತದ ಮಿತಿ, ಇಡೀ ವರ್ಷದ ಮಿತಿ ಎಂದು ಎರಡು ಅಂಕಿಗಳಿರುತ್ತವೆ. ಎರಡೂ ಒಂದೇ ಆಗಿದ್ದರೆ ಒಂದು ದೊಡ್ಡ ಅಪಘಾತಕ್ಕೇ ಹಣವೆಲ್ಲ ಮುಗಿದು, ವರ್ಷದ ಉಳಿದ ದಿನ ದೋಣಿ ಬರಿಗೈಲಿ ಓಡುತ್ತದೆ. ವಕೀಲರ ಖರ್ಚು ಈ ಮಿತಿಯೊಳಗೋ ಹೊರಗೋ, ಅದನ್ನೂ ಕೇಳಿ.

ಷರತ್ತುಗಳಲ್ಲೇ ಎಡವುವುದು

ಸಂಚಾರದ ವ್ಯಾಪ್ತಿ ಎಂಬ ಸಾಲನ್ನು ಬೆರಳಿಟ್ಟು ಓದಬೇಕು. 'ಒಳನಾಡು ಜಲಮಾರ್ಗ ಮಾತ್ರ' ಎಂದಿದ್ದರೆ, ಡಾಲ್ಫಿನ್ ತೋರಿಸಲು ಅಳಿವೆ ದಾಟಿ ಸಮುದ್ರಕ್ಕಿಳಿದ ಕೂಡಲೇ ದೋಣಿ ವಿಮೆಯ ವ್ಯಾಪ್ತಿಯಿಂದಾಚೆ ಹೋಯಿತು. ಕಾರವಾರ, ಗೋಕರ್ಣದ ಕಡೆ ಹೊಳೆಯಲ್ಲೂ ಕಡಲಲ್ಲೂ ದೋಣಿ ಬಿಡುವವರು ಎರಡನ್ನೂ ಬರವಣಿಗೆಯಲ್ಲಿ ಸೇರಿಸಿಕೊಳ್ಳಬೇಕು. ಏಜೆಂಟರ ಬಾಯಿಮಾತು ಸಾಲದು.

1963ರ ಮೆರೈನ್ ಇನ್ಶೂರೆನ್ಸ್ ಕಾಯ್ದೆಯಲ್ಲಿ ವಾರಂಟಿ ಎಂದರೆ ಅಕ್ಷರಶಃ ಪಾಲಿಸಬೇಕಾದ ಷರತ್ತು. 'ಕತ್ತಲಾದ ಮೇಲೆ ಓಡಿಸುವುದಿಲ್ಲ' ಎಂಬ ವಾರಂಟಿ ಇದೆ ಎನ್ನಿ. ಅದನ್ನು ಮುರಿದರೆ, ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ, ಅಂದಿನಿಂದ ಕಂಪನಿಯ ಹೊಣೆ ಮುಗಿಯಿತು. ಆಮೇಲೆ ಸರಿಪಡಿಸಿಕೊಂಡೆವು ಎಂಬ ವಾದ ನಡೆಯುವುದಿಲ್ಲ. ಪಾಲಿಸಲು ಆಗದ ಷರತ್ತಿದ್ದರೆ ಸಹಿಗೆ ಮುನ್ನವೇ ತೆಗೆಸಿ, ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಸರಿ.

ಕೊಟೇಶನ್ ಬಂದಿದೆ, ಅರ್ಜಿ ಕೊಟ್ಟಾಗಿದೆ ಎಂದು ದೋಣಿ ಇಳಿಸಬೇಡಿ. ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಸಂದಾಯವಾಗದೆ ವಿಮೆ ಶುರುವಾಗುವುದಿಲ್ಲ.

ಪ್ರತಿ ಟ್ರಿಪ್‌ಗೆ ಮುನ್ನ

ಹತ್ತಿದವರ ಹೆಸರಿನ ಪಟ್ಟಿ ಎರಡು ಪ್ರತಿ ಮಾಡಿ, ಒಂದನ್ನು ದಡದಲ್ಲೇ ಇಡಿ. ಮಡಿಲ ಮಕ್ಕಳ ಹೆಸರೂ ಅದರಲ್ಲಿರಲಿ. ಅವರ ಅಳತೆಯ ಲೈಫ್ ಜಾಕೆಟ್ ದೋಣಿಯಲ್ಲಿರಲಿ. ದೊಡ್ಡವರ ಜಾಕೆಟ್‌ನಿಂದ ಮಗು ನೀರಿನಲ್ಲಿ ಜಾರಿಹೋಗುತ್ತದೆ.

ಅಪಘಾತವಾದರೆ

ಜನರ ರಕ್ಷಣೆ ಮೊದಲು. ನಂತರ ಪೊಲೀಸರಿಗೂ ವಿಮಾ ಕಂಪನಿಗೂ ಅಂದೇ ತಿಳಿಸಿ, ಕಂಪನಿಗೆ ಇಮೇಲ್ ಕಳಿಸಿ. ತಪ್ಪೊಪ್ಪಿಗೆಯನ್ನಾಗಲಿ, ಇಷ್ಟು ಹಣ ಕೊಡುತ್ತೇವೆಂಬ ಮಾತನ್ನಾಗಲಿ ಕಂಪನಿಯ ಒಪ್ಪಿಗೆಯಿಲ್ಲದೆ ಬರೆದುಕೊಡಬೇಡಿ; ಅದು ಕ್ಲೇಮ್ ತಿರಸ್ಕಾರಕ್ಕೆ ದಾರಿ. ನಷ್ಟ ಅಂದಾಜು ಮಾಡುವ ವಿಮಾ ಸರ್ವೇಯರ್ ನೋಡುವವರೆಗೆ ದೋಣಿ ರಿಪೇರಿ ಬೇಡ. ಎಫ್‌ಐಆರ್, ಮರಣೋತ್ತರ ಅಥವಾ ಗಾಯದ ವರದಿ, ಪ್ರಯಾಣಿಕರ ಪಟ್ಟಿ, ಸರ್ವೆ ಪತ್ರ ಮತ್ತು ಚಾಲಕನ ಅರ್ಹತಾ ಪತ್ರದ ಪ್ರತಿಗಳನ್ನು ಕ್ಲೇಮ್ ಫಾರಂ ಜೊತೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.