ಮುಂಬಯಿಯಿಂದ ಮಂಗಳೂರಿಗೆ: ವಿಮಾನದ ದೂರ ಮತ್ತು ಸಮಯವನ್ನು ಲೆಕ್ಕ ಹಾಕುವ ಬಗೆ

ಮುಂಬಯಿಯಿಂದ ಊರಿಗೆ ಹೊರಡುವ ಕನ್ನಡಿಗರು ರಸ್ತೆಯ ಕಿಲೋಮೀಟರನ್ನೇ ವಿಮಾನಕ್ಕೂ ಅನ್ವಯಿಸುವುದುಂಟು, ಅದು ಸರಿಯಲ್ಲ. ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಬೇಕು: ಮುಂಬಯಿ 19.09 ಉತ್ತರ, 72.87 ಪೂರ್ವ, ಮಂಗಳೂರಿನ ಬಜಪೆ 12.96 ಉತ್ತರ, 74.89 ಪೂರ್ವ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಆದ್ದರಿಂದ, ಅಕ್ಷಾಂಶದ ಅಂತರವಾದ 6.13 ಡಿಗ್ರಿಯನ್ನು 111ರಿಂದ ಗುಣಿಸಿದರೆ 680 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವದತ್ತ ಸಾಗಿದಂತೆ ಹತ್ತಿರವಾಗುತ್ತವೆಯಾದ್ದರಿಂದ, ಅವುಗಳ ಅಂತರವಾದ 2.02 ಡಿಗ್ರಿಯನ್ನು 111ರಿಂದ ಗುಣಿಸಿದ ಮೇಲೆ, ಸರಾಸರಿ ಅಕ್ಷಾಂಶವಾದ 16 ಡಿಗ್ರಿಯ ಕೊಸೈನ್, ಅಂದರೆ 0.96ರಿಂದ ಮತ್ತೊಮ್ಮೆ ಗುಣಿಸಬೇಕು, 215 ಕಿ.ಮೀ. ಬರುತ್ತದೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ದೂರ ಸುಮಾರು 713 ಕಿ.ಮೀ. ಲಂಡನ್ನಿನಂಥ ದೂರದ ಊರಿಗೆ ಈ ಸರಳ ವಿಧಾನ ಸಾಲದು, ಭೂಮಿಯ ಗೋಳಾಕಾರವನ್ನು ಲೆಕ್ಕಕ್ಕೆ ಹಿಡಿಯುವ ಹ್ಯಾವರ್ಸೈನ್ ಸೂತ್ರವೇ ಬೇಕು.

ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದು 54 ನಿಮಿಷಗಳ ಹಾದಿ. ನೆಲದ ಮೇಲಿನ ಓಡಾಟಕ್ಕೂ ಏರುವಾಗ, ಇಳಿಯುವಾಗಿನ ನಿಧಾನಗತಿಗೂ ಅರ್ಧ ಗಂಟೆ ಸೇರಿಸಬೇಕು. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಎರಡನ್ನೂ ಸ್ವತಂತ್ರವಾಗಿ ಬಳಸಲಾಗದು. ದಟ್ಟಣೆಯ ಹೊತ್ತಿನಲ್ಲಿ ವಿಮಾನ ಸರದಿ ಕಾಯಬೇಕಾಗುವುದರಿಂದ ಇನ್ನೂ ಹದಿನೈದು ನಿಮಿಷ ಇಟ್ಟುಕೊಳ್ಳುವುದು ಜಾಣತನ. ದುಬೈಗೆ ಹೋಗುವವರಾದರೆ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ತಲುಪುವ ಸಮಯದಲ್ಲಿ ಅಷ್ಟನ್ನು ಕಳೆಯಬೇಕು.