ಅಯೋವಾದ ಎಲ್ಕೇಡರ್‌ಗೆ ಆ ಹೆಸರು ಹೇಗೆ ಬಂತು ಅಂತ ಹುಡುಕಿದ ನನ್ನ ಅನುಭವ

ನಾವು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರಾಪಿಡ್ಸ್‌ಗೆ ಬಂದು ಎರಡನೇ ವರ್ಷ ಇರ್ಬೇಕು, ಒಂದು ಶನಿವಾರ 13ನೇ ನಂಬರ್ ಹೈವೇ ಹಿಡ್ಕೊಂಡು ಸುಮ್ನೆ ಉತ್ತರಕ್ಕೆ ಹೋಗಿದ್ವಿ. ಅಯೋವಾ ಅಂದ್ರೆ ಎಲ್ಲಿ ನೋಡಿದ್ರೂ ಮೆಕ್ಕೆಜೋಳ, ಸೋಯಾ, ಅಂಗೈ ಥರ ಸಪಾಟು ನೆಲ ಅಂತ ಅಂದ್ಕೊಂಡಿದ್ದೆ, ಆದ್ರೆ ಆ ಮೂಲೆಗೆ ಹೋಗ್ತಾ ಹೋಗ್ತಾ ರಸ್ತೆ ತಿರುಗಕ್ಕೆ ಶುರು ಆಯ್ತು, ಗುಡ್ಡ, ಕಲ್ಲಿನ ಬರೆ, ಕಾಡು, ಕೆಳಗೆ ಟರ್ಕಿ ಅನ್ನೋ ಹೆಸರಿನ ಹೊಳೆ. ಹೊಳೆಗೆ ಎರಡು ಕಮಾನಿನ ಸುಣ್ಣಕಲ್ಲಿನ ಸೇತುವೆ, 1889ರಲ್ಲಿ ಕಟ್ಟಿದ್ದು, ಇವತ್ತಿಗೂ ಅದರ ಮೇಲೆ ಕಾರು ಓಡಾಡ್ತವೆ. ಊರಿನ ಬೋರ್ಡ್ ನೋಡಿದೆ, ಎಲ್ಕೇಡರ್. ಇಲ್ಲಿಯವರು 'ಕೇ' ಅನ್ನೋದನ್ನ ಒತ್ತಿ ಹೇಳ್ತಾರೆ.

ಅಲ್ಲಿಂದಲೇ ಪುತ್ತೂರಿಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಸೇತುವೆ ತೋರಿಸ್ದೆ, ಈ ಊರಿನ ಹೆಸರು ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹೋರಾಡಿದ ಅಬ್ದ್ ಎಲ್ ಕಾದರ್ ಅನ್ನೋ ಅಮೀರರದ್ದಂತೆ, ಅಂದ್ರೆ ದೊರೆಯದ್ದಂತೆ ಅಂದೆ. ಅಪ್ಪ ಒಂದು ಕ್ಷಣ ಸುಮ್ನಿದ್ದು, "ಅದು ನಮ್ಮ ಅಬ್ದುಲ್ ಖಾದರ್ ಅಲ್ವಾ ಮಾರಾಯ್ತಿ, ಆದ್ರೆ ಅಬ್ದುಲ್ ಎಲ್ಲಿ ಹೋಯ್ತು?" ಅಂತ ಕೇಳಿದ್ರು.

ಅಪ್ಪನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕಡೆ ಖಾದರ್ ಅನ್ನೋ ಹೆಸರಿಲ್ಲದ ಪೇಟೆ ಇಲ್ಲ, ನಮ್ಮ ತೋಟದ ಅಡಿಕೆ ತಗೊಳ್ತಿದ್ದ ಬ್ಯಾರಿಯ ಹೆಸರೂ ಅದೇ. ಅರಬಿಯಲ್ಲಿ 'ಅಬ್ದ್' ಅಂದ್ರೆ ದಾಸ, 'ಅಲ್ ಕಾದಿರ್' ಅಂದ್ರೆ ಸರ್ವಶಕ್ತ, ಅದು ದೇವರ ಹೆಸರು. ದಾಸನನ್ನ ಕತ್ತರಿಸಿದ್ರೆ ಉಳಿಯೋದು ದೇವರ ಹೆಸರು ಮಾತ್ರ. ಅಯೋವಾದ ಒಂದು ಚಿಕ್ಕ ಊರು 1846ರಿಂದ ಆ ಹೆಸರಲ್ಲಿ ಕಾಗದಪತ್ರ ಮಾಡ್ಕೊಂಡು ಬಂದಿದೆ ಅನ್ನೋದು ನನಗೆ ಎಷ್ಟು ಆಶ್ಚರ್ಯ ಆಯ್ತು ಅಂದ್ರೆ ಅವತ್ತೇ ಇದನ್ನ ಹುಡುಕ್ಬೇಕು ಅಂತ ತೀರ್ಮಾನ ಮಾಡ್ಬಿಟ್ಟೆ.

ಎಲ್ಕೇಡರ್ ಕ್ಲೇಟನ್ ಕೌಂಟಿಯ ಕೌಂಟಿ ಸೀಟ್. ಕೌಂಟಿ ಸೀಟ್ ಅಂದ್ರೆ ಹೆಚ್ಚು ಕಮ್ಮಿ ನಮ್ಮ ತಾಲೂಕು ಕೇಂದ್ರ ಅಂದ್ಕೊಳ್ಳಿ, ಕೋರ್ಟು, ಜಾಗದ ರಿಜಿಸ್ಟ್ರೇಷನ್, ಶೆರಿಫ್ ಆಫೀಸು ಎಲ್ಲ ಅಲ್ಲೇ. ಜನ ಮಾತ್ರ 1200ರ ಆಸುಪಾಸು. ಈ ಪಟ್ಟ ಮೊದಲಿಂದ ಇದಕ್ಕೇ ಇರಲಿಲ್ಲ, ಗುಟೆನ್‌ಬರ್ಗ್, ಗಾರ್ನವಿಲೋ, ಎಲ್ಕೇಡರ್ ಈ ಮೂರು ಊರುಗಳ ಮಧ್ಯೆ ವರ್ಷಗಟ್ಟಲೆ ಅತ್ತಿಂದಿತ್ತ ಓಡಾಡಿ ಕೊನೆಗೆ ಇಲ್ಲಿ ನಿಂತಿದ್ದು. ಗುಟೆನ್‌ಬರ್ಗ್ ಅಂದ್ರೆ ಅಚ್ಚಿನ ಯಂತ್ರದ ಗುಟೆನ್‌ಬರ್ಗ್ ಹೆಸರೇ, ಸ್ಪೆಲ್ಲಿಂಗ್‌ನಲ್ಲಿ ಒಂದು ಟಿ ಜಾಸ್ತಿ ಸೇರ್ಕೊಂಡಿದೆ. ಒಂದೇ ಕೌಂಟಿಯಲ್ಲಿ ಒಂದು ಊರಿಗೆ ಜರ್ಮನಿಯ ಮುದ್ರಕ, ಇನ್ನೊಂದಕ್ಕೆ ಅಲ್ಜೀರಿಯಾದ ಅಮೀರ!

ಈಗ ನಾನು ಮಾಡಿದ ತಪ್ಪು ಹೇಳ್ತೀನಿ. ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೇಳಿದ್ರು, ಇಂಟರ್ನೆಟ್‌ನಲ್ಲಿ ಅಲ್ಲಿ ಇಲ್ಲಿ ಓದಿದ್ದನ್ನ ಸೇರಿಸಿ, "1860ರಲ್ಲಿ ಡಮಾಸ್ಕಸ್‌ನಲ್ಲಿ ಸಾವಿರಾರು ಕ್ರೈಸ್ತರ ಪ್ರಾಣ ಉಳಿಸಿದ ಮಹಾನುಭಾವನ ಗೌರವಕ್ಕೆ ಈ ಊರಿಗೆ ಅವರ ಹೆಸರಿಟ್ಟರು" ಅಂತ ಬರೆದು ಕೊಟ್ಟೆ, ಅಚ್ಚೂ ಆಯ್ತು. ಆಮೇಲೆ ಒಂದು ಲೈಬ್ರರಿಯಲ್ಲಿ ಹಳೇ ಪೇಪರ್ ನೋಡಕ್ಕೆ ಹೋದಾಗ ಅಲ್ಲಿದ್ದ ವಯಸ್ಸಾದ ಲೈಬ್ರರಿಯನ್ ಹತ್ರ ಇದೇ ಮಾತು ಹೇಳ್ದೆ, ಅವರು ನಿಧಾನವಾಗಿ "ಊರು ಯಾವ ವರ್ಷದ್ದು?" ಅಂತ ಕೇಳಿದ್ರು. 1846. ಡಮಾಸ್ಕಸ್ 1860. ಹದಿನಾಲ್ಕು ವರ್ಷ ಆಮೇಲೆ ಮಾಡಿದ ಪುಣ್ಯದ ಕೆಲಸಕ್ಕೆ ಮೊದಲೇ ಹೆಸರಿಡಕ್ಕೆ ಆಗುತ್ತಾ? ಎರಡೂ ಇಸವಿ ನನ್ನ ಲೇಖನದಲ್ಲೇ ಇತ್ತು, ನಾನೇ ಟೈಪ್ ಮಾಡಿದ್ದು, ಆದ್ರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅವತ್ತು ಮನೆಗೆ ಬಂದು ತುಂಬಾ ಬೇಜಾರಾಯ್ತು.

ಅಲ್ಲಿಂದ ಬೇರೆ ಥರ ಶುರು ಮಾಡ್ದೆ. ಉದ್ದ ಕಾಗದ ತಗೊಂಡು ನಡುವೆ ಒಂದು ಗೀಟು ಎಳೆದು, ಎಡಗಡೆ ಊರು, ಬಲಗಡೆ ಅಮೀರರು, ಇಸವಿ ಪ್ರಕಾರ ಬರೀತಾ ಹೋದೆ. ಯಾರಾದ್ರೂ ತಮ್ಮ ಊರಿನ ಚರಿತ್ರೆ ಬರೀತೀನಿ ಅಂದ್ರೆ ನಾನು ಮೊದಲು ಹೇಳೋದು ಇದನ್ನೇ.

ಬಲಗಡೆ: 1808ರಲ್ಲಿ ಅಲ್ಜೀರಿಯಾದ ಮಸ್ಕರಾ ಅನ್ನೋ ಊರಿನ ಹತ್ರ ಹುಟ್ಟಿದ್ದು. ತಂದೆ ಮುಹಿಯುದ್ದೀನ್, ಕಾದಿರಿ ಸೂಫಿ ಪಂಥದ ಮುಖ್ಯಸ್ಥರು. ಬಗ್ದಾದಿನ ಸಂತ ಅಬ್ದುಲ್ ಕಾದಿರ್ ಜೀಲಾನಿ ಅವರ ಪಂಥ ಅದು, ಆ ಸಂತರ ಬಿರುದೇ ಮುಹಿಯುದ್ದೀನ್, ನಮ್ಮ ಕರಾವಳಿಯಲ್ಲಿ ಮುಹಿಯುದ್ದೀನ್ ಜುಮ್ಮಾ ಮಸೀದಿ ಅಂತ ಬೋರ್ಡ್ ನೋಡ್ತೀವಲ್ಲ, ಅದೇ. ಅಡಿಕೆ ವ್ಯಾಪಾರದ ಖಾದರ್‌ಗೂ ಅಲ್ಜೀರಿಯಾದ ಅಮೀರರಿಗೂ ಹೆಸರಿನ ಬೇರು ಒಂದೇ. 1830ರಲ್ಲಿ ಫ್ರೆಂಚರು ಅಲ್ಜಿಯರ್ಸ್ ಹಿಡಿದ್ರು, 1832ರಲ್ಲಿ ಇವರು 24ನೇ ವಯಸ್ಸಿಗೆ ಅಮೀರರಾದ್ರು. 1837ರ ತಾಫ್ನಾ ಒಪ್ಪಂದದಲ್ಲಿ ಫ್ರೆಂಚರೇ ಒಳನಾಡಿನ ದೊಡ್ಡ ಭಾಗ ಇವರದ್ದು ಅಂತ ಒಪ್ಪಿಕೊಳ್ಳೋ ಹಾಗಾಯ್ತು, ಎರಡು ವರ್ಷಕ್ಕೆ ಮತ್ತೆ ಯುದ್ಧ. ಊರೂರು ಕಳ್ಕೊಂಡ ಮೇಲೆ ಇವರ ರಾಜಧಾನಿನೇ ಡೇರೆಗಳ ಮೇಲೆ ನಡೀತಿತ್ತು, ಸ್ಮಾಲಾ ಅಂತ ಕರೀತಿದ್ರು, 1843ರಲ್ಲಿ ಅದೂ ಫ್ರೆಂಚರ ಕೈಗೆ ಹೋಯ್ತು. 1847ರ ಡಿಸೆಂಬರ್‌ನಲ್ಲಿ ಶರಣಾದ್ರು.

ಎಡಗಡೆ: 1836ರ ಹೊತ್ತಿಗೆ ಎಲಿಷಾ ಬೋರ್ಡ್‌ಮನ್ ಅನ್ನೋರು ಬಂದು ಟರ್ಕಿ ಹೊಳೆ ದಡದಲ್ಲಿ ಜಾಗ ಹಿಡಿದ್ರು. 1846ರಲ್ಲಿ ಟಿಮೊಥಿ ಡೇವಿಸ್, ಜಾನ್ ಥಾಮ್ಸನ್, ಚೆಸ್ಟರ್ ಸೇಜ್ ಮೂರು ಜನ ಸೇರಿ ಲೇಔಟ್ ಮಾಡಿದ್ರು, ನಮ್ಮಲ್ಲಿ ಸೈಟ್ ಮಾಡಿ ಮಾರ್ತಾರಲ್ಲ ಹಾಗೇ, ಹೊಳೆಯ ನೀರಿಗೆ ಹಿಟ್ಟಿನ ಗಿರಣಿ ಹಾಕೋ ಯೋಚನೆಯೂ ಇತ್ತು. ಡೇವಿಸ್ ವಕೀಲರು, ಆಮೇಲೆ ಅಮೆರಿಕದ ಕಾಂಗ್ರೆಸ್‌ಗೂ ಆಯ್ಕೆ ಆದ್ರು. ಹೆಸರು ಸೂಚಿಸಿದ್ದು ಅವರೇ. ಅಯೋವಾ ರಾಜ್ಯ ಆಗಿದ್ದು ಅದೇ 1846ರ ಡಿಸೆಂಬರ್ 28ಕ್ಕೆ, ಅಂದ್ರೆ ಊರು ರಾಜ್ಯಕ್ಕಿಂತ ಹಿರಿದು.

ಎರಡೂ ಕಡೆ ಸೇರಿಸಿ ನೋಡಿದ್ರೆ 1846ರಲ್ಲಿ ಅಮೀರರು ಏನು? ಮಹಾತ್ಮ ಅಲ್ಲ, ಗೆದ್ದವರೂ ಅಲ್ಲ. ಹೆಚ್ಚು ಕಮ್ಮಿ ಎಲ್ಲ ಕಳ್ಕೊಂಡು ಮೊರಾಕೊ ಗಡಿಯಲ್ಲಿ ಇನ್ನೂ ಕುದುರೆ ಮೇಲೆ ಓಡಾಡ್ತಿದ್ದ ಮನುಷ್ಯ. ಅಷ್ಟೇ ಅಲ್ಲ, ಅದೇ ವರ್ಷ ಏಪ್ರಿಲ್‌ನಲ್ಲಿ ಅವರ ಶಿಬಿರದಲ್ಲಿದ್ದ ಫ್ರೆಂಚ್ ಕೈದಿಗಳನ್ನ ಕೊಂದು ಹಾಕಿದ್ರು, ಅಮೀರರು ಆಗ ಅಲ್ಲಿ ಇರಲಿಲ್ಲ, ಅದಕ್ಕೂ ಮುಂಚೆ ಕೈದಿಗಳನ್ನ ಚೆನ್ನಾಗಿ ನೋಡ್ಕೊಳ್ಬೇಕು ಅಂತ ಕಟ್ಟಪ್ಪಣೆ ಮಾಡಿದ್ದವರೂ ಅವರೇ, ಆದ್ರೂ ಹೆಸರಿಗೆ ಆ ಕಲೆ ಅಂಟ್ಕೊಂಡಿತು. ಇದನ್ನ ಬರೆಯೋವಾಗ ಕೈ ಸ್ವಲ್ಪ ತಡೀತು, ಬಿಟ್ಬಿಡೋಣ ಅನ್ನಿಸ್ತು. ಬಿಟ್ರೆ ಮತ್ತೆ ಮೊದಲಿನ ಲೇಖನವೇ ಆಗುತ್ತೆ ಅಂತ ಬರೆದೆ.

ಹಳೇ ಪೇಪರ್ ಹುಡುಕೋ ವಿಷಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಹಳೇ ಪತ್ರಿಕೆಗಳನ್ನ ಸ್ಕ್ಯಾನ್ ಮಾಡಿ ಫ್ರೀಯಾಗಿ ಹಾಕಿದ್ದಾರೆ. ಈಗಿನ ಥರ ಒಂದೇ ಪದವಾಗಿ ಅಮೀರರ ಹೆಸರು ಟೈಪ್ ಮಾಡಿದ್ರೆ ಏನೂ ಸಿಗಲ್ಲ, ಆಗ ಮೂರು ತುಂಡು ಮಾಡಿ ಮಧ್ಯೆ ಗೆರೆ ಹಾಕಿ ಬರೀತಿದ್ರು, ಹಾಗೆ ಹುಡುಕಿದ್ರೆ 1840ರ ದಶಕದ ಪೇಪರ್‌ಗಳಲ್ಲಿ ಬೇಕಾದಷ್ಟು. ಕಾಲಂ ಕೊನೆಯಲ್ಲಿ ಹೆಸರು ಮುರಿದಿದ್ರೆ ಕಂಪ್ಯೂಟರಿಗೆ ಓದಕ್ಕೆ ಬರಲ್ಲ, ಅದಕ್ಕೆ ಬರೀ 'ಕಾದರ್' ಅಂತನೂ, 'ಅಲ್ಜಿಯರ್ಸ್' ಅಂತನೂ ಹುಡುಕ್ಬೇಕು. ಎರಡು ದಿನ ನನ್ನ ದಾರಿ ತಪ್ಪಿಸಿದ್ದು ಒಂದು ಕುದುರೆ, ಇದೇ ಹೆಸರಿನದ್ದು, ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸನ್ನ 1850, 1851 ಎರಡು ವರ್ಷ ಸತತ ಗೆದ್ದಿತ್ತು. ಅಂದ್ರೆ ಆ ಕಾಲದಲ್ಲಿ ಈ ಹೆಸರು ಎಷ್ಟು ಜನರ ಬಾಯಲ್ಲಿತ್ತು ನೋಡಿ. ಕೌಂಟಿ ಚರಿತ್ರೆ ಪುಸ್ತಕಗಳು 1882ರಲ್ಲಿ, 1916ರಲ್ಲಿ ಅಚ್ಚಾಗಿದ್ದು ಇವೆ, ಉಪಯೋಗಕ್ಕೆ ಬರ್ತವೆ, ಆದ್ರೆ ಈ ಥರದ ಪುಸ್ತಕಗಳು ಊರಿನ ಗಣ್ಯರು ಚಂದಾ ಕೊಟ್ಟು ಮಾಡಿಸಿದವು, ಹೊಗಳಿಕೆ ಜಾಸ್ತಿ, ಹಾಗಾಗಿ ಇಸವಿಯನ್ನ ಬೇರೆ ಕಡೆ ತಾಳೆ ನೋಡದೆ ತಗೋಬೇಡಿ.

ಅಯೋವಾದ ವಕೀಲರಿಗೆ ಅಲ್ಜೀರಿಯಾ ಯಾಕೆ ಬೇಕಿತ್ತು ಅಂತ ಬಹಳ ದಿನ ಯೋಚನೆ ಮಾಡ್ತಿದ್ದೆ, ಆಗ ನೆನಪಾಗಿದ್ದು ನಮ್ಮ ಹೈದರಾಲಿ. 1782ರಲ್ಲಿ ಅಮೆರಿಕನ್ನರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧದಲ್ಲಿದ್ದಾಗ ಪೆನ್ಸಿಲ್ವೇನಿಯಾದವರು ಒಂದು ಹಡಗಿಗೆ 'ಹೈದರ್ ಆಲಿ' ಅಂತ ಹೆಸರಿಟ್ಟಿದ್ರು, ಅದೇ ಹಡಗು ಏಪ್ರಿಲ್ 8ಕ್ಕೆ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನ ಹಿಡೀತು. ಆಗ ಹೈದರಾಲಿ ಇನ್ನೂ ಬದುಕಿದ್ರು, ಇಂಗ್ಲಿಷರ ಮೇಲೆ ಯುದ್ಧ ಮಾಡ್ತಾನೇ ಇದ್ರು. ದೂರದಲ್ಲಿ ಯಾರೋ ಒಬ್ಬ ದೊಡ್ಡ ಸಾಮ್ರಾಜ್ಯಕ್ಕೆ ತಲೆ ಬಗ್ಗಿಸದೆ ನಿಂತಿದ್ದಾನೆ ಅನ್ನೋ ಸುದ್ದಿ ಪೇಪರ್‌ನಲ್ಲಿ ಓದಿ ಇವರು ತಮ್ಮ ಹಡಗಿಗೆ, ತಮ್ಮ ಊರಿಗೆ ಹೆಸರಿಡ್ತಿದ್ರು, ಆ ಮನುಷ್ಯ ಗೆಲ್ತಾನಾ ಸೋಲ್ತಾನಾ ಅಂತ ಕಾಯ್ತಾ ಕೂರಲಿಲ್ಲ. ಎಲ್ಕೇಡರ್ ಹೆಸರು ನನಗೆ ಈಗ ಹಾಗೆ ಕಾಣುತ್ತೆ, ಮೊದಲಿನದ್ದಕ್ಕಿಂತ ಇದೇ ನನಗೆ ಹೆಚ್ಚು ಇಷ್ಟ.

ಆಮೇಲಿನ ಕತೆ ದೊಡ್ಡದು. ಶರಣಾಗೋವಾಗ ಮುಸ್ಲಿಂ ನಾಡಿಗೆ ಕಳಿಸ್ತೀವಿ ಅಂತ ಮಾತು ಕೊಟ್ಟಿದ್ರು, ಆದ್ರೆ ಫ್ರಾನ್ಸ್‌ಗೆ ಕರ್ಕೊಂಡು ಹೋಗಿ ತುಲೋನ್, ಪೋ, ಆಂಬ್ವಾಜ್‌ನ ಕೋಟೆಗಳಲ್ಲಿ 1852ರ ತನಕ ಇಟ್ರು, ಬಿಡುಗಡೆ ಆದ ಮೇಲೆ ಅಮೀರರು ಕೊನೆಗೆ ಡಮಾಸ್ಕಸ್‌ನಲ್ಲಿ ನೆಲೆಸಿದ್ರು. 1860ರ ಜುಲೈನಲ್ಲಿ ಡಮಾಸ್ಕಸ್‌ನಲ್ಲಿ ಗಲಭೆ ಆದಾಗ ಇದೇ ಮನುಷ್ಯ ತನ್ನ ಅಲ್ಜೀರಿಯಾದವರನ್ನ ಕರ್ಕೊಂಡು ಬೀದಿಗಿಳಿದು ಸಾವಿರಾರು ಕ್ರೈಸ್ತರನ್ನ ಮನೆಗೆ ಕರ್ಕೊಂಡು ಬಂದ್ರು, ಫ್ರೆಂಚ್ ಕಾನ್ಸುಲೇಟ್‌ನವರು ಸಹ ಅದರಲ್ಲಿದ್ರು. 1883ರಲ್ಲಿ ಡಮಾಸ್ಕಸ್‌ನಲ್ಲೇ ತೀರ್ಕೊಂಡ್ರು. 1984ರಿಂದ ಮಸ್ಕರಾ ಮತ್ತು ಎಲ್ಕೇಡರ್ ಸೋದರ ನಗರಗಳು, 2008ರ ಜೂನ್‌ನಲ್ಲಿ ಟರ್ಕಿ ಹೊಳೆ ಉಕ್ಕಿ ಊರಿಗೆ ನುಗ್ಗಿದಾಗ ಅಲ್ಜೀರಿಯಾ ಸರ್ಕಾರ ದುಡ್ಡು ಕಳಿಸ್ತು. ಈಗ ಊರಲ್ಲಿ ಅಮೀರರ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ನಡೆಸೋರೂ ಇದ್ದಾರೆ.

ಹೋದ ಅಕ್ಟೋಬರ್‌ನಲ್ಲಿ ಮತ್ತೆ ಹೋಗಿದ್ದೆ, ಕೋರ್ಟ್‌ಹೌಸಿನ ಕೆಂಪು ಇಟ್ಟಿಗೆ, ಮೇಲೆ ಗಡಿಯಾರದ ಗೋಪುರ, ಮರದ ಎಲೆ ಎಲ್ಲ ಹಳದಿ. ಸ್ಮರಣ ಸಂಚಿಕೆಯ ಹತ್ತು ಕಾಪಿ ಮನೆಯಲ್ಲಿ ಉಳಿದಿತ್ತು, ಬ್ಯಾಗಲ್ಲಿ ತಗೊಂಡು ಹೋಗಿ ಸೇತುವೆ ಪಕ್ಕದ ಬೆಂಚಲ್ಲಿ ಕೂತು ಒಂದೊಂದರಲ್ಲೂ ಆ ತಪ್ಪು ಸಾಲು ಹೊಡೆದು ಹಾಕಿ ಪಕ್ಕದಲ್ಲಿ ಪೆನ್ನಿಂದ 1846 ಅಂತ ಬರೆದೆ. ಒಂದು ಕಾಪಿ ಆ ಲೈಬ್ರರಿಯನ್‌ಗೆ ಕೊಟ್ಟೆ, ಅವರಿಗೆ ಕನ್ನಡ ಬರಲ್ಲ, ಆದ್ರೂ ಇಸವಿ ಓದಿದ್ರು.